ಹೊಗೆ ತೆಗೆದ ಚೀಟಿ

ನನ್ನ ಹೊಟ್ಟೆಪಾಡು ಹೊಗೆಯದು. ಹಳೆಯ ಬಿಳಿ ವ್ಯಾನೊಂದರ ಹಿಂಭಾಗದಲ್ಲಿ ಕಂಪ್ಯೂಟರು, ಕ್ಯಾಮೆರಾ, ಪ್ರಿಂಟರು ಮತ್ತು ಗಾಡಿಗಳ ಹೊಗೆ ಅಳೆಯುವ ಎರಡು ಯಂತ್ರ ಇಟ್ಟುಕೊಂಡು ಊರೂರು ತಿರುಗುತ್ತೇನೆ. ವಾರದಲ್ಲಿ ಎರಡು ದಿನ ಜಮಖಂಡಿ, ಒಂದು ದಿನ ಮುಧೋಳ, ಒಂದು ದಿನ ಮಹಾಲಿಂಗಪುರ, ಉಳಿದ ದಿನ ಬೀಳಗಿ ರಸ್ತೆಯ ಬೇವಿನ ಮರದ ಕೆಳಗೆ. ಹುಟ್ಟಿದ್ದು ಬನಹಟ್ಟಿಯ ನೇಕಾರರ ಮನೆಯಲ್ಲಿ. ಮಗ್ಗದ ಸದ್ದಿನ ನಡುವೆ ಬೆಳೆದವರಿಗೆ ಮೆಲ್ಲಗೆ ಮಾತಾಡುವುದು ಗೊತ್ತಿರುವುದಿಲ್ಲ. ಪಕ್ಕದಲ್ಲಿ ನಿಂತವನ ಜೊತೆಗೂ ನಾನು ಆಚೆ ಓಣಿಯವನನ್ನು ಕರೆದಂತೆ ಮಾತಾಡುತ್ತೇನೆ. ಸಿಟ್ಟೂ ಅಷ್ಟೇ, ಥಟ್ಟನೆ ಏರುತ್ತದೆ, ಥಟ್ಟನೆ ಇಳಿಯುತ್ತದೆ. ನನ್ನ ಹೆಂಡತಿ ನನ್ನನ್ನು ಬಾಯಿಬಡುಕ ಎನ್ನುತ್ತಾಳೆ. ಸುಳ್ಳೇನಲ್ಲ.

ಮಗ್ಗ ಬಿಟ್ಟು ಈ ಕೆಲಸಕ್ಕೆ ಬಂದದ್ದು ಎಂಜಿನ್ನಿನ ಮೋಹದಿಂದ. ಹದಿಹರೆಯದಲ್ಲಿ ಒಮ್ಮೆ ಜಮಖಂಡಿಯ ಗ್ಯಾರೇಜೊಂದರ ಮುಂದೆ, ಬಿಚ್ಚಿಟ್ಟ ಜೀಪಿನ ಎಂಜಿನ್ನು ನೋಡಿದ್ದೆ. ನಾಲ್ಕು ಉರುಟು ತೂತು, ಅವುಗಳೊಳಗೆ ನಾಲ್ಕು ಕಬ್ಬಿಣದ ಮುಷ್ಟಿ. ಮೇಸ್ತ್ರಿ ಎಣ್ಣೆ ಹತ್ತಿದ ಬೆರಳಿನಿಂದ ತೋರಿಸಿ ಹೇಳಿದ: "ನೋಡ್ಲೇ, ಈ ತೂತಿನ್ಯಾಗ ಬೆಂಕಿ ಹತ್ತತೈತಿ, ಆರತೈತಿ, ಮತ್ತ ಹತ್ತತೈತಿ. ನೀ ಒಂದ ಸಲ ಕಣ್ಣ ಮುಚ್ಚಿ ತಗಿಯೂದ್ರಾಗ ಎಷ್ಟ ಸಲ ಆಗಿರತೈತೋ ಏನೋ." ಅಬ್ಬಬ್ಬಾ! ಒಲೆಯಲ್ಲಿ ಒಮ್ಮೆ ಬೆಂಕಿ ಹೊತ್ತಿಸಲು ನಮ್ಮವ್ವ ಕಣ್ಣೀರು ಸುರಿಸಿಕೊಂಡು ಊದುತ್ತಿದ್ದಳು. ಇಲ್ಲಿ ನೋಡಿದರೆ ಬೆಂಕಿಯನ್ನು ಕಬ್ಬಿಣದೊಳಗೆ ಕೂಡಿಹಾಕಿ, ಅದರ ಕೈಯಲ್ಲಿ ಗಾಲಿ ತಿರುಗಿಸುತ್ತಾರೆ. ಅವತ್ತು ಮನೆಗೆ ಹೋಗಿ ಊಟ ಮಾಡಿದ್ದು ನೆನಪಿಲ್ಲ.

ಆ ಬೆರಗು ಇವತ್ತಿಗೂ ಇಳಿದಿಲ್ಲ. ಆ ಎಣ್ಣೆಯಾದರೂ ಏನು? ಮನುಷ್ಯ ಹುಟ್ಟುವುದಕ್ಕೂ ಎಷ್ಟೋ ಮೊದಲು ಸಮುದ್ರದಲ್ಲಿ ಬದುಕಿ ಸತ್ತ ಕಣ್ಣಿಗೆ ಕಾಣದ ಜೀವಿಗಳು, ನೆಲದಡಿಯಲ್ಲಿ ಕೋಟ್ಯಂತರ ವರ್ಷ ಬೆಂದು ಆದದ್ದು. ಅವು ಕುಡಿದಿದ್ದ ಬಿಸಿಲನ್ನು ನಾವು ಬೀಳಗಿಯಿಂದ ಬಾಗಲಕೋಟೆಗೆ ಹೋಗಿ ಬರುವಷ್ಟರಲ್ಲಿ ಸುಟ್ಟು ಮುಗಿಸುತ್ತೇವೆ. ಸುಟ್ಟದ್ದು ಎಲ್ಲಿಗೂ ಹೋಗುವುದಿಲ್ಲ, ಮೇಲೆ ಗಾಳಿಯಲ್ಲೇ ಇರುತ್ತದೆ. ಅದರಲ್ಲಿ ಒಂದಿಷ್ಟನ್ನು ನಮ್ಮ ಹೊಲಗಳ ಕಬ್ಬಿನ ಗರಿ ತಿಂದು ಸಕ್ಕರೆ ಮಾಡುತ್ತದೆ. ಇದನ್ನು ಮೊದಲ ಸಲ ಕೇಳಿದಾಗ ನಾನು ಕಬ್ಬಿನ ಹೊಲದ ಬದುವಿನ ಮೇಲೆ ಸುಮ್ಮನೆ ನಿಂತುಬಿಟ್ಟಿದ್ದೆ. ಎಲ್ಲವನ್ನೂ ತಿನ್ನುವ ಶಕ್ತಿ ಮಾತ್ರ ಕಬ್ಬಿಗೂ ಇಲ್ಲ, ಕಾಡಿಗೂ ಇಲ್ಲ. ಉಳಿದದ್ದು ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗಿ ಬಿಸಿಲು ಹೆಚ್ಚಿಸುತ್ತದೆ, ಮಳೆ ತಪ್ಪಿಸುತ್ತದೆ. ಅದು ಮೇಲಿನ ಹೊಗೆಯ ಮಾತಾಯಿತು. ಕೆಳಗಿನ ಹೊಗೆ, ಅಂದರೆ ಕರ್ರಗಿನ ಡೀಸೆಲ್ ಮಸಿ, ಅಷ್ಟು ದೂರ ಹೋಗುವ ತ್ರಾಸು ತೆಗೆದುಕೊಳ್ಳುವುದಿಲ್ಲ. ಹತ್ತಿರದಲ್ಲಿ ಯಾರ ಮೂಗು ಸಿಗುತ್ತದೋ ಅಲ್ಲಿ ಹೊಕ್ಕುಬಿಡುತ್ತದೆ.

ನನ್ನ ಡೀಸೆಲ್ ಯಂತ್ರವೂ ಒಂದು ಬೆರಗೇ. ಗಾಡಿಯ ಸೈಲೆನ್ಸರಿಗೆ ನಳಿಗೆ ಹಾಕಿ ಎಕ್ಸಲರೇಟರ್ ತುಳಿಸಿದರೆ ಹೊಗೆ ಒಂದು ಕೊಳವೆಯೊಳಗೆ ಬರುತ್ತದೆ. ಕೊಳವೆಯ ಆ ತುದಿಯಲ್ಲಿ ಒಂದು ದೀಪ, ಈ ತುದಿಯಲ್ಲಿ ಒಂದು ಕಣ್ಣು. ಹೊಗೆಯನ್ನು ದಾಟಿಕೊಂಡು ಎಷ್ಟು ಬೆಳಕು ಈ ಕಡೆ ಬಂದು ಮುಟ್ಟಿತು ಎಂದು ನೋಡಿ ಅದು ಅಂಕಿ ಹೇಳುತ್ತದೆ. ಹೊಗೆಯನ್ನು ಬೆಳಕಿನಿಂದ ಅಳೆಯುವುದು! ಯಾವ ತಲೆಗೆ ಹೊಳೆಯಿತೋ, ಆ ಪುಣ್ಯಾತ್ಮನಿಗೆ ದೂರದಿಂದಲೇ ಕೈ ಮುಗಿಯುತ್ತೇನೆ.

ಆದರೆ ನಮ್ಮ ಕಡೆ ಯಾರೂ ಹೊಗೆ ಅಳೆಸುವುದಿಲ್ಲ. ಹೊಗೆ ತೆಗೆಸುತ್ತಾರೆ. ತಹಶೀಲ್ದಾರ ಕಚೇರಿಗೆ ಹೋಗಿ ಹೊಲದ ಉತಾರ ತೆಗೆಸುತ್ತಾರೆ, ಸ್ಟುಡಿಯೋಕ್ಕೆ ಹೋಗಿ ಫೋಟೋ ತೆಗೆಸುತ್ತಾರೆ, ನನ್ನ ವ್ಯಾನಿಗೆ ಬಂದು ಹೊಗೆ ತೆಗೆಸುತ್ತಾರೆ. "ಹೊಗಿ ತಗಸೂದೈತ್ರೀ" ಎಂದೇ ಮಾತು ಶುರು. ತೆಗೆಸುವುದು ಅಂದರೆ ಕಾಗದ ಮಾಡಿಸಿಕೊಳ್ಳುವುದು ಎಂದು ಗಾಡಿ ಇದ್ದವರಿಗೆಲ್ಲ ಗೊತ್ತು. ಆದರೆ ನಮ್ಮಲ್ಲಿ ಹಲ್ಲನ್ನೂ ತೆಗೆಸುತ್ತಾರೆ, ಮುಳ್ಳನ್ನೂ ತೆಗೆಸುತ್ತಾರೆ, ಮಕ್ಕಳಿಗೆ ತಗುಲಿದ ದೃಷ್ಟಿಯನ್ನೂ ತೆಗೆಸುತ್ತಾರೆ. ಗಾಡಿ ಇಲ್ಲದವರು ಆ ಮಾತನ್ನು ಹೇಗೆ ಕೇಳಿಸಿಕೊಂಡಾರು ಎಂದು ಇಷ್ಟು ವರ್ಷ ನಾನು ಯೋಚಿಸಿರಲೇ ಇಲ್ಲ.

ಈ ಹಂಗಾಮಿನ ಶುರುವಿನಲ್ಲಿ, ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ರಸ್ತೆಗಿಳಿದಿದ್ದವು. ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಾಗದ ಕೇಳುತ್ತಾರೆಂದು ಎಲ್ಲರೂ ಒಮ್ಮೆಲೇ ನನ್ನ ಬೇವಿನ ಮರದ ಕೆಳಗೆ ಪಾಳಿ ಹಚ್ಚಿದರು. ಟ್ರ್ಯಾಕ್ಟರಿನ ಸೈಲೆನ್ಸರು ಕಾರಿನಂತೆ ಹಿಂದೆ ಬಾಗಿರುವುದಿಲ್ಲ, ಮುಂದೆ ನೆಟ್ಟಗೆ ನಿಂತಿರುತ್ತದೆ. ನಳಿಗೆ ಹಾಕಬೇಕೆಂದರೆ ಗಾಲಿಯ ಮೇಲೆ ಕಾಲಿಟ್ಟು ಹತ್ತಬೇಕು, ಕೈ ಮೈ ಮಸಿ ಮಾಡಿಕೊಳ್ಳಬೇಕು. ಸುಳ್ಳು ಹೇಳಿ ಏನು ಮಾಡಲಿ, ನಾನು ಹತ್ತಲಿಲ್ಲ. ಒಬ್ಬ ತರುಣ ಡ್ರೈವರು ಬಂದ. ಎತ್ತರದ ಆಳು, ಹಣೆ ತುಂಬ ದೇವರ ಅರಿಶಿನದ ಭಂಡಾರ, ಅವನ ಕೆಂಪು ಟ್ರ್ಯಾಕ್ಟರಿನ ಮೂತಿಗೂ ಭಂಡಾರ. ನಾನು ಕ್ಯಾಮೆರಾ ಅವನ ನಂಬರ್ ಪ್ಲೇಟಿಗೆ ಹಿಡಿದೆ, ನಳಿಗೆಯನ್ನು ಪಕ್ಕದಲ್ಲಿ ನಿಂತಿದ್ದ ಹೊಸ ಡೀಸೆಲ್ ಕಾರಿಗೆ ಹಾಕಿದೆ. ಪಾಸ್ ಎಂದು ಚೀಟಿ ಬಂತು. "ಅಣ್ಣಾರು ಭಾಳ ಶಾಣ್ಯಾರದಾರ" ಎಂದು ಅವನು ನಕ್ಕ. ನಾನೂ ನಕ್ಕೆ. ಅವತ್ತು ಇನ್ನೂ ಹಲವರಿಗೆ ಹಾಗೆಯೇ ಮಾಡಿದೆ.

ಅದಾಗಿ ತಿಂಗಳಾಗಿರಬೇಕು. ಬೆಳಗ್ಗೆ ಹತ್ತರ ಸುಮಾರಿಗೆ ಕೆಂಪು ಬಸ್ಸಿನಿಂದ ಒಬ್ಬ ಆಯಿ ಇಳಿದಳು. ನಮ್ಮ ಕಡೆ ವಯಸ್ಸಾದ ಹೆಂಗಸರನ್ನು ಆಯಿ ಎಂದು, ಗಂಡಸರನ್ನು ಮುತ್ಯಾ ಎಂದು ಕರೆಯುವುದು. ಆಕೆಯ ಹಿಂದೆ ಹೆಗಲ ಮೇಲೆ ಕಂಬಳಿ ಹೊದ್ದ ಮುತ್ಯಾ ಒಬ್ಬ ಇಳಿದ. ಬಸ್ಸಿನಿಂದ ನನ್ನ ವ್ಯಾನಿಗೆ ಇಪ್ಪತ್ತು ಹೆಜ್ಜೆ. ಅಷ್ಟರಲ್ಲಿ ಅವನು ಮೂರು ಸಲ ನಿಂತ. ಪ್ರತಿ ಸಲ ನಿಂತಾಗಲೂ ಆಯಿ ತಾನೂ ನಿಂತು, ರಸ್ತೆ ನೋಡುತ್ತಿರುವವಳಂತೆ ಆಚೆ ಮುಖ ಮಾಡುತ್ತಿದ್ದಳು.

"ಹೊಗಿ ತಗ್ಯಾಂವ ನೀ ಏನು, ತಮ್ಮಾ?"

"ಹೌದ ಆಯಿ, ನಾನ. ಗಾಡಿ ಎಲ್ಲೈತಿ?"

"ಗಾಡಿ ಇಲ್ಲೋ ಯಪ್ಪಾ. ಮುದುಕನ್ನ ಕರಕೊಂಡ ಬಂದೇನಿ."

ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡೆ. ಆಕೆ ಸೊಂಟದ ಎಲೆಯಡಿಕೆ ಚಂಚಿ ಬಿಚ್ಚಿ, ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದು ಕೊಟ್ಟಳು. ನನ್ನದೇ ಚೀಟಿ, ನನ್ನದೇ ಸಹಿ.

"ಇದು ನಮ್ಮ ಹುಡುಗನ ಟ್ರ್ಯಾಕ್ಟರ್ದು. ಅದರ ಹೊಗಿ ನೀನ ತಗದೀ ಅಂತ. ಖರೆ ಅಂದ್ರ ಪೂರಾ ಬಂದಿಲ್ಲ ನೋಡು, ಇನ್ನಾ ಕರ್ರಗ ಉಗಳತೈತಿ. ಅದಿರ್ಲಿ, ಮುಂದಿನ ಸಲ ತಗಿ. ಮೊದಲ ಈ ಮುದುಕನ ಎದ್ಯಾಗಿಂದು ತಗೀಪಾ. ದಸರಾತನಕ ಕುರಿ ಹಿಂದ ನಡೀತಿದ್ದ. ಈಗ ಮನಿಯಿಂದ ಕುರಿ ದಡ್ಡಿತನಕ ಹೋಗಾಕ ಆಗವಲ್ದು."

ಪಾಳಿಯಲ್ಲಿ ನಿಂತಿದ್ದವರು ಹೋ ಎಂದು ನಕ್ಕರು. ಒಬ್ಬನಂತೂ "ಮುತ್ಯಾನ ಸೈಲೆನ್ಸರ್ ಎಲ್ಲೈತ್ರೀ?" ಎಂದ. ನನಗೆ ಸಿಟ್ಟು ನೆತ್ತಿಗೇರಿತು. "ಏ, ಬಾಯಿ ಮುಚ್ರಿಲೇ! ನಿಮ್ಮ ಮನ್ಯಾಗ ಹಿರ್ಯಾರಿಲ್ಲೇನು?" ಎಂದು ಒದರಿದೆ. ಎಲ್ಲರನ್ನೂ ನಾಳೆ ಬನ್ನಿ ಎಂದು ಅಟ್ಟಿ, ವ್ಯಾನಿನ ಸ್ಟೂಲನ್ನು ನೆರಳಿಗೆ ಹಾಕಿ ಮುತ್ಯಾನನ್ನು ಕೂಡಿಸಿದೆ. ನೀರು ಕೊಟ್ಟೆ. ಅವನು ಕುಡಿಯುವ ಮೊದಲು ದಣಿವಾರಿಸಿಕೊಳ್ಳಬೇಕಾಯಿತು. ಕುತ್ತಿಗೆಯ ನರಗಳು ಹಗ್ಗದಂತೆ ಉಬ್ಬಿದ್ದವು, ಉಸಿರಿನ ಹಿಂದೆ ಸಣ್ಣಗೆ ಸಿಳ್ಳು ಕೇಳುತ್ತಿತ್ತು.

"ದವಾಖಾನಿಗೆ ತೋರಿಸಿದ್ರಿಲ್ಲೋ?" ಎಂದು ಕೇಳಿದೆ.

"ತೋರಿಸಿದ್ವಿ. ಗುಳಗಿ ಕೊಟ್ಟಾರ, ಎಳಕೊಳ್ಳೂ ಡಬ್ಬಿ ಕೊಟ್ಟಾರ. ಹೊಗಿಯಿಂದ ದೂರ ಇಡ್ರಿ, ಇಲ್ಲಂದ್ರ ಈ ಉಸಿರು ಭಾಳ ದಿನ ಬರೂದಿಲ್ಲ ಅಂತ ಹೇಳ್ಯಾರ. ಅದಕ್ಕ ಮಗಗ ಬಡಕೊಂಡ್ನಿ, ನಿನ್ನ ಗಾಡಿ ಹೊಗಿ ತಗಸೋ, ತಗಸೋ ಅಂತ. ತಗಸೇನಬೇ ಅಂತ ಅಂವ ಈ ಚೀಟಿ ತಂದ ಕೊಟ್ಟ."

ಅಲ್ಲಿಯತನಕ ಸುಮ್ಮನೆ ಕೂತಿದ್ದ ಮುತ್ಯಾ ನನ್ನ ಯಂತ್ರದ ಕಡೆ ನೋಡಿ ಮೊದಲ ಸಲ ಮಾತಾಡಿದ. ಮಾತಿಗೆ ಮಾತಿಗೆ ಉಸಿರು ಹಿಡಿಯುತ್ತಿದ್ದ. ಆದರೂ ಕಣ್ಣು ಹೊಳೆಯುತ್ತಿದ್ದವು. ಅವನ ಅವ್ವ ಸಂಸ್ಥಾನದ ಕಾಲದಲ್ಲಿ ಜಮಖಂಡಿ ರಸ್ತೆಯಲ್ಲಿ ಮೊದಲ ಮೋಟಾರು ನೋಡಿದವಳಂತೆ. ಎತ್ತಿಲ್ಲದ ಬಂಡಿ ಬರುತ್ತಿದೆ ಎಂದು ಕುರಿಗಳನ್ನೆಲ್ಲ ಹೊಲಕ್ಕೆ ಹಾರಿಸಿ, ತಾನು ಮಾತ್ರ ದಂಡೆಯಲ್ಲೇ ನಿಂತು ಧೂಳಿಗೆ ಕೈ ಮುಗಿದಿದ್ದಳಂತೆ. ಈಗ ಆಕೆಯ ಮೊಮ್ಮಗನೇ ಅಂಥದನ್ನು ಓಡಿಸುತ್ತಾನೆ.

"ಗಾಡಿ ನಮ್ಮ ಪಡಸಾಲಿ ಮಗ್ಗಲಕ ನಿಂದರತೈತಿ ತಮ್ಮಾ. ಬೆಳಗಮುಂಜಾನಿ ಚಾಲೂ ಮಾಡತಾನ. ಥಂಡಿಗೆ ಲಗೂ ಏಳೂದಿಲ್ಲ ಅದು, ಭಾಳ ಹೊತ್ತು ಗುರ್ ಗುರ್ ಅಂತೈತಿ. ಒಮ್ಮೆ ಎದ್ದಿತಂದ್ರ... ಆಹಾ! ನಾ ಮಲಗೂ ಹೊರಸ ನಡಗತೈತಿ. ಎದ್ಯಾಗ ಡೊಳ್ಳು ಬಡದಂಗ ಆಗತೈತಿ. ಬೆಂಕೀನ ಕಟ್ಟಿಹಾಕಿ ದುಡಸ್ಯಾರಲ್ಲೋ, ಎಂಥಾ ಮಂದಿ!"

ನನ್ನ ಮೈ ಜುಂ ಎಂದಿತು. ಗ್ಯಾರೇಜಿನ ಮುಂದೆ ಊಟ ಮರೆತು ನಿಂತಿದ್ದ ನನ್ನ ಮನಸ್ಸಿನ ಮಾತನ್ನೇ ಈ ಕುರುಬ ಮುತ್ಯಾ ಆಡುತ್ತಿದ್ದ. ಅಪ್ಪಿಕೊಳ್ಳಬೇಕು ಅನಿಸಿತು.

ಆಯಿ ಮುಂದಿನದು ಹೇಳಿದಳು. "ಇಂವಂದು ಕೆಮ್ಮು ಹೆಚ್ಚಾತಂತ ನಾ ಹೊರಸ ಹಿತ್ತಲಕ ಹಾಕಿದ್ನಿ. ಅಲ್ಲಿ ನಿದ್ದಿ ಬರೂದಿಲ್ಲ, ಗಾಡಿ ಆವಾಜ ಕೇಳಸೂದಿಲ್ಲ ಅಂತ ಸಣ್ಣ ಹುಡುಗರಂಗ ಹಟಾ ಮಾಡಿದ. ನಾ ಒಪ್ಪಿದ್ದಿಲ್ಲ. ಆಮ್ಯಾಲ ಚೀಟಿ ಬಂತು. ಹೊಗಿ ತಗಸ್ಯಾರಲ್ಲ, ಇನ್ನೇನ ಅಂಜಿಕಿ ಅಂತ ನಾನ ಕೈಯ್ಯಾರೆ ಹೊರಸ ತಂದು ಮತ್ತ ಪಡಸಾಲ್ಯಾಗ ಹಾಕಿದ್ನಿ. ಅವತ್ತಿನಿಂದ ಹಿಂಗಾಗೇತಿ ನೋಡು."

ಚೀಟಿ ಇನ್ನೂ ನನ್ನ ಕೈಯಲ್ಲಿಯೇ ಇತ್ತು, ಅದರ ಫೋಟೋದಲ್ಲಿ ಭಂಡಾರ ಬಳಿದ ಆ ಕೆಂಪು ಮೂತಿ. ಬಾಯಿಬಡುಕನಿಗೆ ಒಂದು ಅನುಕೂಲವಿದೆ. ಆಡಬೇಕಾದ್ದನ್ನು ಆಡಲಾಗದಿದ್ದರೆ ಬೇರೆ ಏನಾದರೂ ಆಡಬಹುದು. ನಾನು ಮುತ್ಯಾನಿಗೆ ಕಾರು ಹುಟ್ಟಿದ ಕತೆ ಹೇಳತೊಡಗಿದೆ. ತರಬೇತಿಯಲ್ಲಿ ನಮ್ಮ ಮಾಸ್ತರರು ಹೇಳಿದ ಕತೆ ಅದು.

ನೂರಕ್ಕೂ ಮಿಕ್ಕಿದ ವರ್ಷಗಳ ಹಿಂದೆ ಜರ್ಮನಿಯಲ್ಲಿ ಒಬ್ಬ ಮೂರು ಗಾಲಿಯ ಮೋಟಾರು ಬಂಡಿ ಮಾಡಿದ. ಜನ ನೋಡಿ ನಕ್ಕರು, ಯಾರೂ ಕೊಳ್ಳಲಿಲ್ಲ. ಅವನ ಹೆಂಡತಿ ಒಂದು ದಿನ ನಸುಕಿನಲ್ಲಿ, ಅವನು ಮಲಗಿದ್ದಾಗಲೇ, ಮಕ್ಕಳಿಬ್ಬರನ್ನು ಕೂಡಿಸಿಕೊಂಡು ಬಂಡಿ ಹೊರಡಿಸಿ ತವರುಮನೆಗೆ ಹೊರಟುಬಿಟ್ಟಳು. ದಾರಿಯಲ್ಲಿ ಎಣ್ಣೆ ತೀರಿತು. ಪೆಟ್ರೋಲ್ ಬಂಕು ಇನ್ನೂ ಹುಟ್ಟಿರಲಿಲ್ಲವಲ್ಲ, ಔಷಧಿ ಅಂಗಡಿಗೆ ಹೋಗಿ ಕಲೆ ತೆಗೆಯುವ ಎಣ್ಣೆ ಕೊಂಡು ಸುರಿದಳು. ಎಣ್ಣೆಯ ನಳಿಗೆ ಕಟ್ಟಿಕೊಂಡಿತು, ತನ್ನ ಟೊಪ್ಪಿಗೆಯ ಸೂಜಿಯಿಂದ ಚುಚ್ಚಿ ಬಿಡಿಸಿದಳು. ದಿಬ್ಬ ಬಂದಲ್ಲಿ ತಳ್ಳಿದರು. ಸಂಜೆಯ ಹೊತ್ತಿಗೆ ತವರು ಮುಟ್ಟಿದಳು. ಮೋಟಾರಿನಲ್ಲಿ ಅಷ್ಟು ದೂರ ಹೋದದ್ದು ಲೋಕದಲ್ಲಿ ಅದೇ ಮೊದಲು.

ಮುತ್ಯಾ ಬಾಯಿ ತೆರೆದು ಕೇಳಿದ. ಆಯಿ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. "ಯವ್ವಾ! ಗಂಡಗ ಹೇಳದನ ತವರಮನಿಗೆ ಹ್ವಾದ್ಲಾ? ಗಟ್ಟಿಗಿತ್ತಿ ಬಿಡು." ಹಿಂದೆಯೇ ಅಂದಳು, "ಆಕಿ ಔಷಧ ಅಂಗಡ್ಯಾಗ ಎಣ್ಣಿ ತಗೊಂಡ್ಲು. ಈಗ ಆ ಎಣ್ಣಿ ಸಲುವಾಗಿ ನಾವು ಔಷಧ ಅಂಗಡಿಗೆ ಹೋಗಾಕತ್ತೇವಿ. ಆತು, ಕತಿ ಮುಗೀತಲ್ಲ, ಇನ್ನ ತಗೀಪಾ."

ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

"ಆಯಿ, ಈ ಮಶೀನು ಹೊಗಿ ತಗಿಯೂದಿಲ್ಲ. ಬರೇ ಅಳಿಯೂದು."

"ಅಳಿಯೂದಂದ್ರ?"

"ಎಷ್ಟ ಹೊಗಿ ಬರತೈತಿ ಅಂತ ನೋಡೂದು. ನೋಡಿ ಚೀಟಿ ಕೊಡೂದು."

"ಚೀಟಿ ಕೊಟ್ಟಮ್ಯಾಲ ಹೊಗಿ?"

"ಅದು ಇದ್ದಂಗ ಇರತೈತಿ."

ಆಕೆ ನನ್ನನ್ನೂ ವ್ಯಾನನ್ನೂ ಯಂತ್ರವನ್ನೂ ಒಂದೊಂದಾಗಿ ನೋಡಿದಳು. "ಬರೇ ನೋಡಾಕ ಇಷ್ಟ ಮಂದಿ ಪಾಳಿ ಹಚ್ಚಿದ್ರೇನು?" ಎಂದಳು. ವ್ಯಂಗ್ಯವಿರಲಿಲ್ಲ, ನಿಜವಾಗಿ ಅಚ್ಚರಿಯಿಂದಲೇ ಕೇಳಿದ್ದು. ಆಮೇಲೆ ಆಕೆ ಚೀಟಿಯ ಮೇಲೆ ಬೆರಳಿಟ್ಟು ಕೇಳಿದಳು. "ಹಂಗಾರ ನಮ್ಮ ಗಾಡೀದು ನೋಡಿ ಹೊಗಿ ಕಡಿಮಿ ಐತಿ ಅಂತ ಬರದೀ? ಅದನ್ನರೆ ಖರೆ ಹೇಳು."

ಒಂದು ಸುಳ್ಳು ಹೇಳಿದರೆ ಮುಗಿಯುತ್ತಿತ್ತು. ಮುತ್ಯಾನ ಸಿಳ್ಳು ಉಸಿರು ಕಿವಿಯ ಹತ್ತಿರವೇ ಕೇಳುತ್ತಿತ್ತು.

"ನಿಮ್ಮ ಗಾಡೀದು ನಾ ನೋಡೇ ಇಲ್ಲ, ಆಯಿ. ಬ್ಯಾರೆ ಗಾಡೀದು ನೋಡಿ ನಿಮ್ಮ ಗಾಡಿ ಹೆಸರೀಲೆ ಕೊಟ್ಟೇನಿ. ತಪ್ಪ ನಂದು."

ಬೈಯಲಿ ಎಂದು ಕಾದೆ. ಶಾಪ ಹಾಕಿದರೂ ಸರಿ, ಎರಡು ಏಟು ಹೊಡೆದರೂ ಸರಿ, ಏನಾದರೂ ಮಾಡಲಿ ಎಂದು ಆಸೆಪಟ್ಟೆ. ಆಕೆ ಗಂಡನ ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿದಳು. "ಹೊರಸ ನಾನ ಹಾಕಿದ್ನಲ್ಲೋ ತಮ್ಮಾ," ಎಂದಳು ಮೆಲ್ಲಗೆ. "ನಾನ ಹಾಕಿದ್ನಿ."

ನನಗೆ ನಾಚಿಕೆಯಾಯಿತು. ಬೇರೆಯವರ ಮೇಲೆ ರೇಗುವ ನನ್ನ ಸಿಟ್ಟೆಲ್ಲ ನನ್ನ ಮೇಲೆಯೇ ತಿರುಗಿತು. ಮಗನ ಗಾಡಿ ಎಲ್ಲಿದೆ ಎಂದು ಕೇಳಿದೆ. ಕಾರ್ಖಾನೆಯಲ್ಲಿ ಕಬ್ಬು ಇಳಿಸಿ ಇದೇ ರಸ್ತೆಯಲ್ಲಿ ಬರುತ್ತಾನೆ ಎಂದಳು. ಕಾದೆವು. ಆಯಿ ರೊಟ್ಟಿಯ ಗಂಟು ಬಿಚ್ಚಿ, ಶೇಂಗಾ ಚಟ್ನಿ ಹಚ್ಚಿ ನನಗೂ ಒಂದು ಕೊಟ್ಟಳು. ಅಂಥ ಹೊತ್ತಿನಲ್ಲೂ ಕೊಟ್ಟಳಲ್ಲ ಎಂದು ನಾನು ಬೆರಗಾದೆ. ಬೇಡ ಅನ್ನುವ ಧೈರ್ಯ ನನಗಿರಲಿಲ್ಲ.

ಮಧ್ಯಾಹ್ನ ಕೆಂಪು ಟ್ರ್ಯಾಕ್ಟರು ಬಂತು. ಹಾಡಿನ ಅಬ್ಬರ ಅದಕ್ಕಿಂತ ಮೊದಲು ಬಂತು. ಆಯಿ ರಸ್ತೆಗಿಳಿದು ಕುರಿ ತರುಬುವವಳಂತೆ ಎರಡೂ ಕೈ ಚಾಚಿ ನಿಂತಳು. ಮಗ ಗಾಬರಿಯಾಗಿ ಇಳಿದು ಓಡಿಬಂದ. "ಯವ್ವಾ, ಇಲ್ಲಿ ಯಾಕ ಬಂದೀಬೇ? ಅಪ್ಪಗ ಏನಾತು?"

ಆಕೆ ನನ್ನ ಕಡೆ ಕೈ ತೋರಿಸಿದಳು. ನಾನು ನಳಿಗೆ ಹಿಡಿದು ಟ್ರ್ಯಾಕ್ಟರಿನ ಗಾಲಿ ಹತ್ತಿದೆ. "ಮ್ಯಾಲ ಕೂಡು. ತುಳಿ ಅಂದಾಗ ತುಳಿ," ಎಂದೆ.

"ಅವತ್ತ ಪಾಸ್ ಆಗೇತಲ್ರಿ ಅಣ್ಣಾರ?"

"ಅವತ್ತ ನಾ ಅಳದಿದ್ದಿಲ್ಲ. ನಿನಗೂ ಗೊತ್ತಿತ್ತು. ಇಬ್ರೂ ಕೂಡಿ ನಕ್ಕಿದ್ವಿ."

ಅವನ ಮುಖ ಇಳಿದುಹೋಯಿತು. ಅವ್ವನನ್ನು ನೋಡಲಾರದೆ ಹೋಗಿ ಸೀಟಿನಲ್ಲಿ ಕೂತ. ತುಳಿದ. ಸೈಲೆನ್ಸರಿನ ಬಾಯಿಯ ಮುಚ್ಚಳ ಪಟಪಟ ಬಡಿದುಕೊಂಡು ಕಪ್ಪು ಹೊಗೆ ನನ್ನ ಮುಖಕ್ಕೇ ಹೊಡೆಯಿತು. ಕಣ್ಣು ಉರಿದವು, ಗಂಟಲು ಕಟ್ಟಿತು. ಆದರೂ ಆ ಗರ್ಜನೆ! ಕಾಲ ಕೆಳಗೆ ಕಬ್ಬಿಣ ನಡುಗುತ್ತಿತ್ತು, ನನ್ನ ಎಲುಬುಗಳೂ ನಡುಗಿದವು. ಆ ಹೊಗೆಯ ನಡುವೆಯೂ ನನಗೆ ಬೆರಗಾಯಿತು, ಆ ಬೆರಗಿಗೆ ನಾಚಿಕೆಯೂ ಆಯಿತು. ಕೆಳಗೆ ಮುತ್ಯಾ ಸ್ಟೂಲಿನಿಂದ ಎದ್ದು, ಬೇವಿನ ಬೊಡ್ಡೆಗೆ ಕೈ ಕೊಟ್ಟು ನಿಂತು ನೋಡುತ್ತಿದ್ದ. ಕೆಮ್ಮುತ್ತಾ ನಗುತ್ತಿದ್ದ.

ಇಳಿದು ಬಂದು ಪರದೆ ನೋಡಿದೆ. ಅಂಕಿ ಏರುತ್ತಾ ಏರುತ್ತಾ ಹೋಗಿ, ಯಂತ್ರ ತೋರಿಸಬಲ್ಲ ಕೊನೆಯ ಅಂಕಿಗೆ ಬಂದು ನಿಂತಿತ್ತು. ಅಂದರೆ ಆ ತುದಿಯ ದೀಪದ ಬೆಳಕು ಈ ತುದಿಗೆ ಮುಟ್ಟಿಯೇ ಇರಲಿಲ್ಲ. ಇಷ್ಟು ವರ್ಷದಲ್ಲಿ ನಾನು ಹಾಗೆ ಆದದ್ದು ನೋಡಿರಲಿಲ್ಲ, ಯಾಕೆಂದರೆ ಅಂಥ ಗಾಡಿಗಳಿಗೆ ನಾನು ನಳಿಗೆ ಹಾಕಿಯೇ ಇರಲಿಲ್ಲ. ಫೇಲ್ ಎಂದು ಚೀಟಿ ಬಂತು. ಹಳೆಯ ಚೀಟಿ ಹರಿದು ಹೊಸದನ್ನು ಮಗನ ಕೈಗೆ ಕೊಟ್ಟೆ. ಎಂಜಿನ್ನಿನ ಡೀಸೆಲ್ ಪಂಪು ದುರಸ್ತಿಯಾಗುವ ತನಕ ಗಾಡಿ ರಸ್ತೆಗೆ ತರಬೇಡ ಎಂದೆ.

ಆಯಿ ಪರದೆಯ ಹತ್ತಿರ ಬಂದಳು. ಅಕ್ಷರ ಬಾರದಿದ್ದರೂ ಅಂಕಿ ಬರುತ್ತಿತ್ತು ಆಕೆಗೆ, ಕುರಿ ಎಣಿಸಿದವಳಲ್ಲವೇ. ಬಹಳ ಹೊತ್ತು ನೋಡಿದಳು.

"ಇದ್ರಾಗ ನಮ್ಮ ಮುದುಕನ ಎದ್ಯಾಗ ಹೋಗಿದ್ದ ಎಷ್ಟೋ ತಮ್ಮಾ?"

ಯಂತ್ರ ಅದನ್ನು ಹೇಳುವುದಿಲ್ಲ. ಮಗ ಹೋಗಿ ಎಂಜಿನ್ ಬಂದ್ ಮಾಡಿದ. ಬಂದು ಅಪ್ಪನ ಕಾಲ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಆ ಎತ್ತರದ ಆಳಿನ ಗಲ್ಲದ ಮೇಲೆ ಕಣ್ಣೀರು ಮಸಿ ತೊಳೆದುಕೊಂಡು ಇಳಿಯುತ್ತಿತ್ತು.

"ಯಪ್ಪಾ, ಇನ್ನ ಮ್ಯಾಲ ಗಾಡಿ ಮನೀ ಹಂತ್ಯಾಕ ತರೂದಿಲ್ಲ. ಕೆನಾಲ ದಂಡಿಗೆ ನಿಂದ್ರಸ್ತೀನಿ, ಅಲ್ಲೇ ಚಾಲೂ ಮಾಡ್ತೀನಿ."

ಮುತ್ಯಾ ಮಗನನ್ನು ನೋಡಲಿಲ್ಲ. ಸದ್ದಡಗಿ ನಿಂತಿದ್ದ ಕೆಂಪು ಟ್ರ್ಯಾಕ್ಟರನ್ನೇ ನೋಡುತ್ತಿದ್ದ. ಒಂದು ಉಸಿರು ಎಳೆದುಕೊಂಡ, ಅದು ಸಾಲದೆ ಇನ್ನೊಂದು ಎಳೆದುಕೊಂಡ.

"ಅಷ್ಟ ದೂರಾ?" ಎಂದ. "ಹಂಗಾರ ಮುಂಜಾನಿ ಅದು ಎದ್ದದ್ದು ನನಗ ಹ್ಯಾಂಗ ಗೊತ್ತಾಗಬೇಕಲೇ?"